ದೃಷ್ಟಿನೀರು ಮತ್ತು ಗಾಜಿನ ಕಡ್ಡಿ

ಸಿಂಚನಾ, ನಿತಿನ್, ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ. ಹೋದ ಭಾನುವಾರ ಬೆಳಿಗ್ಗೆ ನಿತಿನ್ ಹಾಲಿನ ಪ್ಯಾಕೆಟ್ಟುಗಳನ್ನು ಬಟ್ಟೆಯಿಂದ ಒರೆಸಿ ಒರೆಸಿ ಫ್ರಿಜ್ಜಿನಲ್ಲಿ ಜೋಡಿಸುತ್ತಿದ್ದ. ನಾನು "ಒರೆಸ್ಬೇಡ ಕಣೋ, ಹಂಗೇ ಇಡು" ಎಂದೆ. ಅವನು "ಯಾಕಜ್ಜಿ?" ಎಂದ. ನಾನು ನಕ್ಕು ಒಳಗೆ ಹೋಗಿಬಿಟ್ಟೆ. ಸಿಂಚನಾ ಬೆನ್ನ ಹಿಂದೆಯೇ ಬಂದು, "ಅಜ್ಜಿ, ನೀವು ಯಾವಾಗ್ಲೂ ಹಿಂಗೇ. ಅರ್ಧ ಹೇಳಿ ಓಡಿಹೋಗ್ತೀರಾ" ಎಂದು ದೂರಿದಳು. ಅವಳ ದೂರು ನಿಜ. ಆದರೆ ಆ "ಯಾಕೆ"ಗೆ ಉತ್ತರ ಒಂದು ಮಾತಿನಲ್ಲಿ ಮುಗಿಯುವಂಥದ್ದಲ್ಲ. ಎರಡನೆಯ ಮಾತಿಗೆ ಬರುವಷ್ಟರಲ್ಲಿ ನನ್ನ ಗಂಟಲು ಒಣಗುತ್ತದೆ. ಅದಕ್ಕೇ ಕಾಗದ ಹಿಡಿದಿದ್ದೇನೆ. ಕಾಗದದ ಮುಂದೆ ನನಗೆ ನಾಚಿಕೆಯಿಲ್ಲ, ಅದು ತಿರುಗಿ ನೋಡುವುದಿಲ್ಲ.

ನನ್ನ ಸಂಕೋಚ ಎಂಥದ್ದೆಂದು ನಿಮಗೆ ಪೂರ್ತಿ ಗೊತ್ತಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಬಸ್ಸಿನಲ್ಲಿ ಒಬ್ಬಳೇ ಬರುತ್ತಿದ್ದೆ. ಮಹದೇವಪುರದಲ್ಲಿ ಇಳಿಯಬೇಕು. "ಇಳಿಯೋರಿದ್ದೀವಿ" ಎಂದು ಒಂದು ಕೂಗು ಹಾಕಿದರೆ ಬಸ್ಸು ನಿಲ್ಲುತ್ತಿತ್ತು. ಕೂಗು ಬಾಯಿಯವರೆಗೆ ಬಂತು, ಹಲ್ಲಿನ ಹಿಂದೆ ಕುಳಿತುಕೊಂಡಿತು. ಬಸ್ಸು ಮಹದೇವಪುರ ದಾಟಿತು, ಹೂಡಿ ದಾಟಿತು. ವೈಟ್‌ಫೀಲ್ಡಿನಲ್ಲಿ ಎಲ್ಲರೂ ಇಳಿದಾಗ ನಾನೂ ಇಳಿದು, ಬಂದ ದಾರಿಯಲ್ಲೇ ಸೆರಗು ಹೊದ್ದು ನಡೆದುಕೊಂಡು ವಾಪಸು ಬಂದೆ. ಮನೆಗೆ ಬಂದಾಗ ನಿಮ್ಮ ತಾತ "ಯಾಕೆ ತಡ?" ಎಂದು ಕೇಳಿದರು. "ಬಸ್ಸು ನಿಧಾನ" ಎಂದೆ. ಇಂಥವಳಿಗೆ ಊರಿನವರು ಒಂದು ದಿನ ಕರೆದು ಯಾವ ಕೆಲಸ ಕೊಟ್ಟರು ಗೊತ್ತೇ? ಪ್ರತಿದಿನ ಬೆಳಿಗ್ಗೆ ಮೂವತ್ತು ಮನೆಯ ಹೆಂಗಸರ ಮುಖ ನೋಡಿ, "ನಿಮ್ಮ ಹಾಲಿನಲ್ಲಿ ನೀರಿದೆ" ಎಂದು ಹೇಳುವ ಕೆಲಸ.

ದೊಡ್ಡನೆಕ್ಕುಂದಿಗೂ ಮಹದೇವಪುರಕ್ಕೂ ನಡುವೆ ಇದ್ದ ನಮ್ಮ ಹಳ್ಳಿಗೆ ಈಗ ಹೆಸರೂ ಉಳಿದಿಲ್ಲ. ನೀವು ಅದನ್ನು ಯಾವುದೋ ಲೇಔಟು, ಎಷ್ಟನೆಯದೋ ಕ್ರಾಸು ಎನ್ನುತ್ತೀರಿ. ಎಂಬತ್ತರ ಆಸುಪಾಸಿನಲ್ಲಿ ಅದು ಹಸುಗಳ ಊರು. ಅದೇ ಸಮಯಕ್ಕೆ ಸುತ್ತಲೂ ಕಾರ್ಖಾನೆಯ ಶೆಡ್ಡುಗಳು ಏಳುತ್ತಿದ್ದವು. ಓದು ಬರಹ ಬಲ್ಲ ಗಂಡಸರನ್ನೆಲ್ಲ ಕಾರ್ಖಾನೆಗಳು ಒಬ್ಬೊಬ್ಬರಾಗಿ ಒಳಗೆ ಎಳೆದುಕೊಂಡವು. ನಿಮ್ಮ ತಾತನೂ ಫಿಟ್ಟರ್ ಆಗಿ ಸೇರಿದರು. ಹಾಲಿನ ಸಂಘದಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದವರೂ ಒಂದು ಸೋಮವಾರ ಖಾಕಿ ಬಟ್ಟೆ ತೊಟ್ಟು ಗೇಟಿನ ಒಳಗೆ ಹೋದರು. ಹೀಗೆ ಊರಿನಲ್ಲಿ ಹಸುಗಳು ಉಳಿದವು, ಹೆಂಗಸರು ಉಳಿದರು, ಗಾಜಿನ ಕಡ್ಡಿಯ ಮೇಲಿನ ಅಂಕಿ ಓದುವವರು ಮಾತ್ರ ಇಲ್ಲವಾದರು. ಸಂಘದ ಕಾರ್ಯದರ್ಶಿ ಅಬ್ಬಯ್ಯಣ್ಣನವರು ಮನೆ ಮನೆ ಹುಡುಕಿದರು. ಏಳನೆಯ ತರಗತಿ ಪಾಸಾದ ಹೆಂಗಸು ನಾನೊಬ್ಬಳೇ ಸಿಕ್ಕಿದೆ. "ಅಕ್ಷರ ಮುತ್ತಿನಂಗೆ ಬರೀತಾಳೆ, ಬಾಯಿ ಮಾತ್ರ ಇಲ್ಲ" ಎಂದು ನಿಮ್ಮ ತಾತ ಮೊದಲೇ ಎಚ್ಚರಿಸಿದರು. ಅಬ್ಬಯ್ಯಣ್ಣನವರು, "ಬಾಯಿ ಯಾಕ್ ಬೇಕು ಬಿಡ್ರಿ, ಕಡ್ಡಿನೇ ಮಾತಾಡ್ತದೆ" ಎಂದರು. ಪಾಪ, ಕಡ್ಡಿ ಮಾತನಾಡಿದ್ದನ್ನು ಹೆಂಗಸರಿಗೆ ತಲುಪಿಸಲು ಮತ್ತೊಂದು ಬಾಯಿ ಬೇಕೆಂದು ಅವರಿಗೆ ಹೊಳೆಯಲಿಲ್ಲ.

ಪಟ್ಟಣದ ದೊಡ್ಡ ಡೈರಿಯಲ್ಲಿ ಹತ್ತು ದಿನ ತರಬೇತಿ. ಅಲ್ಲಿ ಎಲ್ಲವೂ ಬಿಳಿ. ಗೋಡೆ ಬಿಳಿ, ಕೋಟು ಬಿಳಿ, ಭಯದಿಂದ ನನ್ನ ಮುಖವೂ ಬಿಳಿ. ಲ್ಯಾಕ್ಟೋಮೀಟರ್ ಎಂಬ ಆ ಗಾಜಿನ ಕಡ್ಡಿಯನ್ನು ಅಲ್ಲಿಯೇ ಮೊದಲು ಕೈಯಲ್ಲಿ ಹಿಡಿದದ್ದು. ಬುಡದಲ್ಲಿ ಗುಂಡಗೆ ಹೊಟ್ಟೆ, ಮೇಲೆ ತೆಳ್ಳಗೆ ಕತ್ತು, ಕತ್ತಿನ ತುಂಬ ಗೆರೆ. ಒಳ್ಳೆಯ ಹಾಲಿನಲ್ಲಿ ಬಿಟ್ಟರೆ ಕತ್ತೆತ್ತಿ ತೇಲುತ್ತದೆ. ನೀರು ಬೆರೆತ ಹಾಲಿನಲ್ಲಿ ನಾಚಿಕೆಯಾದವರಂತೆ ಮುಳುಗುತ್ತದೆ. ನನಗೆ ಅದು ಬಹಳ ಹಿಡಿಸಿತು, ನನ್ನದೇ ಜಾತಿ ಅನ್ನಿಸಿತು. ತರಬೇತಿಯ ಕೊನೆಯ ದಿನ ಒಂದು ಸಾಲಿನಲ್ಲಿ ಇಟ್ಟ ಜಾಡಿಗಳಲ್ಲಿ ಯಾವುದರಲ್ಲಿ ನೀರಿದೆ ಎಂದು ಹೇಳಬೇಕಿತ್ತು. ಎಲ್ಲವನ್ನೂ ಸರಿಯಾಗಿ ಗುರುತಿಸಿದೆ, ಆದರೆ ಬಾಯಲ್ಲಿ ಹೇಳದೆ ಚೀಟಿಯಲ್ಲಿ ಬರೆದು ಕೊಟ್ಟೆ. ಅಲ್ಲಿಯವರು ಅದನ್ನು ಶಿಸ್ತು ಎಂದುಕೊಂಡರು.

ಇನ್ನು ತೊಂದರೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಆಗ ಒಂದು ಪದ್ಧತಿ ಇತ್ತು. ಹಾಲು ಹೊಸಿಲು ದಾಟಿ ಹೊರಗೆ ಹೋಗುವಾಗ ಅದಕ್ಕೆ ಒಂದು ತೊಟ್ಟು ನೀರು ಹಾಕಬೇಕು. ಬರೀ ಹಾಲು ಹೊರಗೆ ಹೋದರೆ, ಕಂಡವರ ಕಣ್ಣು ತಗುಲಿ ಹಸುವಿನ ಕೆಚ್ಚಲು ಬತ್ತುತ್ತದೆ. ಅದಕ್ಕೆ ದೃಷ್ಟಿನೀರು ಎನ್ನುತ್ತಿದ್ದರು. ಇದು ಮೋಸವಲ್ಲ, ನೀವು ಹಾಗೆ ತಿಳಿಯಬಾರದು. ಅಕ್ಕಪಕ್ಕದ ಬಾಣಂತಿಗೆ ಪುಕ್ಕಟೆ ಕೊಡುವ ಹಾಲಿಗೂ ತೊಟ್ಟು ಹಾಕಿಯೇ ಕೊಡುತ್ತಿದ್ದರು. ತೊಂದರೆ ಇದ್ದದ್ದು ತೊಟ್ಟಿನ ಅಳತೆಯಲ್ಲಿ. ಒಬ್ಬೊಬ್ಬರ ಕೈಯ ತೊಟ್ಟು ಒಂದೊಂದು ಗಾತ್ರ. ನಂಜಮ್ಮನ ತೊಟ್ಟು ಬೆರಳ ತುದಿಯದು. ಕೆಲವರದು ಬೊಗಸೆಯದು. ಹಾಲು ಕರೆದವಳು ಒಂದು ತೊಟ್ಟು ಹಾಕುತ್ತಾಳೆ. ಅದು ಗೊತ್ತಿಲ್ಲದೆ ಅವಳ ಅತ್ತೆ ಹೊಸಿಲ ಬಳಿ ಇನ್ನೊಂದು ಹಾಕುತ್ತಾಳೆ. ಕರೆದ ಪಾತ್ರೆ ತೊಳೆದ ನೀರೂ ಲಕ್ಷ್ಮಿಯೇ ಅಲ್ಲವೇ, ಚೆಲ್ಲಬಾರದೆಂದು ಅದೂ ಒಳಗೆ. ಬೇಸಿಗೆಯಲ್ಲಿ ಹಸು ಕೊಡುವ ಹಾಲು ಕಡಿಮೆಯಾದಷ್ಟೂ ಊರಿನಲ್ಲಿ ದೃಷ್ಟಿಯ ಭಯ ಹೆಚ್ಚುತ್ತಿತ್ತು, ತೊಟ್ಟು ಚೊಂಬಾಗುತ್ತಿತ್ತು. ಈ ಕೊನೆಯ ವಿಷಯವನ್ನು ಮೋಸ ಎಂದುಕೊಂಡರೆ ನಾನು ತಕರಾರು ಮಾಡುವುದಿಲ್ಲ.

ಎಲ್ಲರಿಗಿಂತ ಭಕ್ತಿಯಿಂದ ತೊಟ್ಟು ಹಾಕುತ್ತಿದ್ದವರು ನನ್ನ ಅತ್ತೆ, ಪಿಳ್ಳಮ್ಮನವರು. ನೀವು ಅವರನ್ನು ನೋಡಿಲ್ಲ. ಗಟ್ಟಿ ಆಳು. ಅವರು ಕೆರೆಯ ಈಚೆ ದಡದಲ್ಲಿ ಕೂಗಿದರೆ ಆಚೆ ದಡದ ಎಮ್ಮೆ ಕಿವಿ ನೆಟ್ಟಗೆ ಮಾಡುತ್ತಿತ್ತು. ನನಗೆ ಇಲ್ಲದ ಧ್ವನಿಯನ್ನೆಲ್ಲ ದೇವರು ಅವರಿಗೆ ಕೊಟ್ಟಿದ್ದ. ಸಂಘದಿಂದ ನಮಗೊಂದು ಸೀಮೆ ಹಸು ಬಂದಿತ್ತು, ಕಪ್ಪು ಬಿಳುಪಿನದು. ಅದು ನಮ್ಮ ನಾಟಿ ಹಸುವಿನಂತೆ ಸಿಕ್ಕಿದ್ದು ತಿನ್ನುತ್ತಿರಲಿಲ್ಲ. ಹಿಂಡಿ ಹದವಾಗಿ ನೆನೆಯಬೇಕು, ಹುಲ್ಲು ಹಸಿಯಾಗಿರಬೇಕು, ಬಿಸಿಲು ತಾಕಬಾರದು. ಅತ್ತೆ ಅದಕ್ಕೆ "ದೊರೆಸಾನಿ" ಎಂದು ಹೆಸರಿಟ್ಟರು. ಬೈದುಕೊಂಡೇ ಬೈದುಕೊಂಡೇ ಅದರ ಗೊರಸು ತೊಳೆಯುತ್ತಿದ್ದರು. ಹೊತ್ತಿಗೆ ಒಂದು ಬಕೆಟ್ಟು ಹಾಲು ಕೊಡುವ ಹಸುವನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಅಷ್ಟು ಹಾಲಿಗೆ ಅಷ್ಟೇ ದೊಡ್ಡ ದೃಷ್ಟಿ, ದೃಷ್ಟಿಗೆ ತಕ್ಕ ನೀರು.

ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು ಕಡ್ಡಿ ಮುಳುಗುವುದನ್ನು ನೋಡಿದೆ, ಅಂಕಿ ಬರೆದೆ, ಯಾರಿಗೂ ಏನೂ ಹೇಳಲಿಲ್ಲ. ಹಾಲನ್ನೆಲ್ಲ ಕ್ಯಾನಿಗೆ ಸುರಿದೆ. ಆಮೇಲೆ ಒಂದು ದಿನ ದೊಡ್ಡ ಡೈರಿಯ ಸೂಪರ್‌ವೈಸರ್ ಮೋಟಾರ್ ಸೈಕಲ್ಲಿನಲ್ಲಿ ಬಂದರು. ನನ್ನ ಪುಸ್ತಕ ತಿರುವಿ ನೋಡಿದರು. "ಅಮ್ಮಾ, ಬರೆದಿರೋದು ಕರೆಕ್ಟಾಗಿದೆ. ಆದ್ರೆ ನೀವು ಬರೆದದ್ದನ್ನ ನೀವೇ ಓದಿದೀರಾ?" ಎಂದರು. ನಾನು ನೆಲ ನೋಡಿದೆ. ಅವರು ಅಬ್ಬಯ್ಯಣ್ಣನವರ ಕಡೆ ತಿರುಗಿದರು. "ನೋಡಿ ಸಾರ್, ಸುತ್ತಮುತ್ತ ಎಲ್ಲ ಸಂಘದ ಹಾಲೂ ನಿಮ್ಮದಕ್ಕಿಂತ ಚೆನ್ನಾಗಿದೆ. ಲಾರಿ ನಿಮ್ಮೂರಿಗೋಸ್ಕರ ಮೇನ್ ರೋಡ್ ಬಿಟ್ಟು ಒಳಗೆ ಬರ್ತಿದೆ. ಇನ್ನು ಹದಿನೈದು ದಿನ ಬಿಟ್ಟು ಬಂದು ನಾನೇ ಟೆಸ್ಟ್ ಮಾಡ್ತೀನಿ. ಅವತ್ತೂ ಹಿಂಗೇ ಇದ್ರೆ ಲಾರಿ ಇಲ್ಲಿಗೆ ಬರಲ್ಲ, ನಿಮ್ಮ ಸ್ಟಾಪ್ ಕ್ಯಾನ್ಸಲ್." ಹೇಳಿ ಗಾಡಿ ಒದ್ದು ಹೊರಟುಹೋದರು.

ಲಾರಿ ಬರುವುದಿಲ್ಲ ಎಂದರೆ ಏನು ಎಂದು ನಿಮಗೆ ಹೇಗೆ ತಿಳಿಸಲಿ? ಸಂಘ ಬರುವ ಮೊದಲು ಊರಿನ ಹಾಲೆಲ್ಲ ಟೆಂಪೋ ಶಾಮಣ್ಣನಿಗೆ ಹೋಗುತ್ತಿತ್ತು. ಅವನು ಹಬ್ಬದ ಹಿಂದಿನ ದಿನ "ಅಕ್ಕಾ, ಅಕ್ಕಾ" ಎಂದು ಮನೆ ಬಾಗಿಲಿಗೆ ಬರುತ್ತಿದ್ದ. ಮಳೆಗಾಲದಲ್ಲಿ ಹುಲ್ಲು ಬೆಳೆದು ಹಾಲು ಹೆಚ್ಚಾದರೆ ಗುರುತೇ ಇಲ್ಲದವನಂತೆ ಟೆಂಪೋ ಓಡಿಸಿಕೊಂಡು ಹೋಗುತ್ತಿದ್ದ. ಆಗ ಹೆಂಗಸರು ತಲೆಯ ಮೇಲೆ ಪಾತ್ರೆ ಹೊತ್ತು ವೈಟ್‌ಫೀಲ್ಡ್ ರಸ್ತೆಯ ಹೋಟೆಲು ಹೋಟೆಲಿಗೆ ಅಲೆಯಬೇಕಾಗುತ್ತಿತ್ತು. ಸಂಘದ ಲಾರಿ ಹಾಗಲ್ಲ. ಹೆಚ್ಚಿರಲಿ ಕಡಿಮೆಯಿರಲಿ, ಹಬ್ಬವಿರಲಿ ಸೂತಕವಿರಲಿ, ಬೆಳಿಗ್ಗೆ ಆರಕ್ಕೆ ಬರುತ್ತಿತ್ತು. ಆ ನಂಬಿಕೆಯ ಮೇಲೆ ಊರಿನವರು ಸೀಮೆ ಹಸು ಕಟ್ಟಿದ್ದರು. ಲಾರಿ ನಿಂತರೆ ಆ ದೊರೆಸಾನಿಯರಿಗೆಲ್ಲ ಹಿಂಡಿ ಹಾಕುವುದು ಹೇಗೆ? ಮೂರು ದಿನ ಯೋಚಿಸಿದೆ. ಯಾರ ಹಾಲನ್ನು ಮೊದಲು ವಾಪಸು ಕಳಿಸುವುದು? ಯಾರದನ್ನು ಕಳಿಸಿದರೂ "ನಿಮ್ಮತ್ತೆ ಹಾಲು ಗಂಗಾಜಲನಾ?" ಎಂದು ಕೇಳುತ್ತಾರೆ.

ನಾಲ್ಕನೆಯ ದಿನ ಬೆಳಿಗ್ಗೆ ಸಾಲಿನಲ್ಲಿ ಎಂದಿನಂತೆ ಮೊದಲು ನಿಂತಿದ್ದವರು ನಮ್ಮ ಅತ್ತೆಯೇ. ಪರೀಕ್ಷೆ ಮಾಡುವವಳ ಅತ್ತೆ ಎಂದು ಊರು ಕೊಟ್ಟಿದ್ದ ಜಾಗ ಅದು. ನಾನು ಜಾಡಿಗೆ ಹಾಲು ಸುರಿದು ಕಡ್ಡಿ ಬಿಟ್ಟೆ. ಕಡ್ಡಿ ಒಮ್ಮೆ ನನ್ನನ್ನು ನೋಡಿ ಮೆಲ್ಲಗೆ ಮುಳುಗಿತು. ಜಾಡಿಯ ಹಾಲನ್ನು ಅವರ ಪಾತ್ರೆಗೇ ತಿರುಗಿ ಸುರಿದೆ. ಪಾತ್ರೆಯನ್ನು ಎರಡು ಕೈಯಿಂದ ಅವರ ಕಡೆ ಸರಿಸಿದೆ.

"ಯಾಕವ್ವಾ?" ಎಂದರು ಅತ್ತೆ.

"ನೀರಿದೆ ಅತ್ತೆ" ಎಂದೆ. ಬಸ್ಸಿನಲ್ಲಿ ಬರದಿದ್ದ ಧ್ವನಿ ಅವತ್ತು ಬಂತು. ಬರಬಾರದಷ್ಟು ಜೋರಾಗಿಯೇ ಬಂತು, ಸಾಲಿನ ಕೊನೆಯವರೆಗೂ ಕೇಳಿಸಿತು.

"ನೀರಾ? ದೃಷ್ಟಿಗೆ ಒಂದ್ ತೊಟ್ಟು ಆಕಿವ್ನಿ. ಎಲ್ಲಾರೂ ಆಕಾಕಿಲ್ವಾ?" ಎಂದು ಅತ್ತೆ ಸಾಲಿನ ಕಡೆ ತಿರುಗಿದರು. "ಏ ನಂಜೀ, ನೀ ಆಕಾಕಿಲ್ವೇನೇ?"

ನಂಜಮ್ಮ ತನ್ನ ಪಾತ್ರೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಅಯ್ಯೋ, ಒಲೆ ಮೇಲೆ ಸಾರಿಟ್ಟು ಬಂದ್ಬಿಟ್ಟೆ ಕಣಕ್ಕಾ" ಎಂದು ಹಿಂದೆ ತಿರುಗಿದಳು. ಅವಳ ಹಿಂದಿನವಳಿಗೂ ಒಲೆಯ ಮೇಲಿನ ಸಾರು ನೆನಪಾಯಿತು. ಅವತ್ತು ನಮ್ಮ ಊರಿನಲ್ಲಿ ಬೆಳಗಿನ ಆರು ಗಂಟೆಗೆ ಎಷ್ಟು ಮನೆಯಲ್ಲಿ ಸಾರು ಕುದಿಯುತ್ತಿತ್ತೋ! ಸಾಲು ಅರ್ಧ ಕರಗಿತು. ಅತ್ತೆ ಪಾತ್ರೆ ಎತ್ತಿ ಸೊಂಟಕ್ಕಿಟ್ಟು, "ನನ್ ಸೊಸೆ ನನ್ನೇ ಕಳ್ಳಿ ಅಂತವ್ಳೆ. ಗಾಜಿನ ಕಡ್ಡಿ ಮಾತ್ ಕೇಳ್ಕಂಡು!" ಎಂದು ಊರಿಗೆಲ್ಲ ಸಾರುತ್ತಾ ಮನೆಗೆ ನಡೆದರು. ಲಾರಿಯವನು ಅರ್ಧ ತುಂಬಿದ ಕ್ಯಾನುಗಳನ್ನು ಎತ್ತಿಕೊಂಡು, "ಏನಮ್ಮಾ, ಊರಿನ ಹಸು ಎಲ್ಲಾ ಒಂದೇ ದಿನ ಉಪವಾಸನಾ?" ಎಂದ.

ಮನೆಯಲ್ಲಿ ಅತ್ತೆ ನನ್ನೊಡನೆ ಮಾತು ಬಿಟ್ಟರು. ಬಿಟ್ಟರು ಎಂದರೆ ಪೂರ್ತಿ ಬಿಡಲಿಲ್ಲ, ಅವರಿಂದ ಅದು ಆಗುತ್ತಿರಲಿಲ್ಲ. ಮಾತನ್ನು ಹಸುವಿನ ಮೂಲಕ ಕಳಿಸತೊಡಗಿದರು. "ದೊರೆಸಾನೀ, ಓದಿರೋರಿಗೆ ಯೋಳು, ಹಿಂಡಿ ಮುಗಿದದೆ." "ದೊರೆಸಾನೀ, ಮುದ್ದೆ ಆಗದೆ, ಉಣ್ಣಾಕ್ ಬರ್ಬೋದು ಅನ್ನು." ಹಸು ಮೆಲುಕು ಹಾಕುತ್ತಾ ನನ್ನನ್ನು ನೋಡುತ್ತಿತ್ತು. ನಾನೂ ಹಸುವಿಗೇ "ಆಯ್ತು" ಎನ್ನುತ್ತಿದ್ದೆ. ನಿಮ್ಮ ತಾತ ಷಿಫ್ಟು ಮುಗಿಸಿ ಬಂದು ಈ ಸಂಭಾಷಣೆ ಕೇಳಿ, "ಈ ಮನೇಲಿ ನಂಗೂ ದೊರೆಸಾನಿಗೂ ಮಾತ್ರ ತಲೆ ನೆಟ್ಟಗಿರೋದು" ಎಂದು ಸೈಕಲ್ಲು ರಿಪೇರಿ ಮಾಡಲು ಎದ್ದು ಹೋದರು. ಗಂಡಸರಿಗೆ ಇಂಥ ಹೊತ್ತಿನಲ್ಲಿ ಸೈಕಲ್ಲಿನ ಚೈನು ನೆನಪಾಗುತ್ತದೆ.

ಮರುದಿನ ಅತ್ತೆ ಹಾಲಿನ ಪಾತ್ರೆ ಹೊತ್ತು ಸಂಘದ ಮುಂದೆಯೇ, ನನ್ನ ಕಣ್ಣೆದುರಿಗೇ, ಟೆಂಪೋ ಶಾಮಣ್ಣನ ಕಡೆ ನಡೆದರು. ಅವರ ಹಿಂದೆ ಏಳೆಂಟು ಹೆಂಗಸರು. ಶಾಮಣ್ಣ ಕೆರೆಯ ಏರಿಯ ಕೆಳಗೆ ಟೆಂಪೋ ನಿಲ್ಲಿಸಿಕೊಂಡು ನಗುತ್ತಾ ನಿಂತಿದ್ದ. "ಬನ್ರಕ್ಕಾ ಬನ್ರಿ, ನನ್ ಹತ್ರ ಕಡ್ಡಿ ಗಿಡ್ಡಿ ಏನೂ ಇಲ್ಲ" ಎನ್ನುತ್ತಿದ್ದನಂತೆ. ನಾನು ಬೆಂಚಿನ ಮೇಲೆ ಕುಳಿತು ಖಾಲಿ ಜಾಡಿ ಒರೆಸಿದೆ, ಮತ್ತೆ ಒರೆಸಿದೆ. ಹದಿನೈದು ದಿನ ಬೇಕಾಗಲಿಲ್ಲ, ಐದೇ ದಿನದಲ್ಲಿ ಸಂಘ ಮುಚ್ಚಿಸಿದ ಕೀರ್ತಿ ನನಗೆ ಬರುತ್ತದೆ ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಏರಿಯ ಕಡೆಯಿಂದ ಅತ್ತೆಯ ಧ್ವನಿ ಕೇಳಿಸಿತು. ಕೇಳಿಸಿತು ಎನ್ನುವುದು ಸಣ್ಣ ಮಾತು. ಕಾರ್ಖಾನೆಯ ಸೈರನ್ನು ಅವತ್ತು ಊದಿದ್ದು ಯಾರ ಕಿವಿಗೂ ಬೀಳಲಿಲ್ಲವಂತೆ. ಆದದ್ದು ಇಷ್ಟು. ಶಾಮಣ್ಣ ಅತ್ತೆಯ ಹಾಲನ್ನು ತನ್ನ ಡ್ರಮ್ಮಿಗೆ ಸುರಿದುಕೊಂಡ. ಅವರು ಅಲ್ಲಿ ನಿಂತಿರುವಾಗಲೇ ಕೆರೆಗೆ ಬಕೆಟ್ಟು ಅದ್ದಿ ಆ ಡ್ರಮ್ಮಿಗೆ ಒಂದು ಬಕೆಟ್ಟು ನೀರು ಹುಯ್ದ. ನಾನು ಮನೆಗೆ ಬರುತ್ತಿದ್ದಂತೆ ಅತ್ತೆ, ಹಸುವಿನ ಮಧ್ಯಸ್ಥಿಕೆಯನ್ನೂ ಮರೆತು, ನೇರವಾಗಿ ನನಗೇ ಹೇಳಿದರು: "ಕೆರೆ ನೀರು ಕಣೇ! ಎಮ್ಮೆ ಬಿದ್ ಒದ್ದಾಡೋ ನೀರು! ನಮ್ ದೊರೆಸಾನಿ ಆಲಿಗೆ! ನಾನು ಅದ್ರ ಗೊರಸು ತೊಳ್ದು, ಕೆಚ್ಲು ತೊಳ್ದು, ಮಗಿನಂಗೆ ಸಾಕಿದ್ದು ಇದುಕ್ಕಾ? ಅವ್ನ ಕೈ ಮುರ್ದೋಗ!"

ನಾನು ಬಾಯಿ ತಪ್ಪಿ, "ನೀವೂ ನೀರು ಹಾಕ್ತಿದ್ರಲ್ಲತ್ತೆ" ಎಂದುಬಿಟ್ಟೆ.

"ನಾ ಆಕದು ದೃಷ್ಟಿಗೆ. ಅವ್ನು ಆಕದು ದುಡ್ಡಿಗೆ. ಎಲ್ಡೂ ಒಂದೇಯೇನೇ?" ಎಂದು ಗದರಿದರು. ಆಮೇಲೆ ಕೊಟ್ಟಿಗೆಯ ಕಲ್ಲಿನ ಮೇಲೆ ಕುಳಿತು ಮೆಲ್ಲಗೆ ಹೇಳಿದರು. ಅವರು ಮೆಲ್ಲಗೆ ಮಾತನಾಡಿದ್ದು ನಾನು ಕೇಳಿದ್ದು ಅವತ್ತೇ ಮೊದಲು. ನಿಮ್ಮ ತಾತ ಕೂಸಾಗಿದ್ದಾಗ ಮನೆಯಲ್ಲಿ ಒಂದು ಹಸು ಇತ್ತಂತೆ. ಒಂದು ದಿನ ಅವಸರದಲ್ಲಿ ತೊಟ್ಟು ಹಾಕದೆ ಹಾಲು ಕೊಟ್ಟು ಕಳಿಸಿದರಂತೆ. ಆ ವಾರವೇ ಹಸು ಮೇವು ಬಿಟ್ಟು ಸತ್ತಿತಂತೆ. ಆ ವರ್ಷ ಕೂಸಿಗೆ ರಾಗಿ ಅಂಬಲಿಯೇ ಹಾಲು. "ಇದುನ್ನೂ ಕಳ್ಕಂಡ್ರೆ ಏನ್ ಮಾಡ್ಲವ್ವಾ?" ಎಂದರು. ನಾನು ಏಳನೆಯ ತರಗತಿಯಲ್ಲಿ ಓದಿದ್ದನ್ನೆಲ್ಲ ನೆನಪಿಸಿಕೊಂಡೆ. ಅದರಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ದೊಡ್ಡ ಡೈರಿಯ ತರಬೇತಿಯಲ್ಲೂ ಇರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹಾಲು ಕರೆದು ಎದ್ದೆ. ಅತ್ತೆ ನೀರಿನ ಚೊಂಬು ಹಿಡಿದು ಹೊಸಿಲ ಬಳಿ ನಿಂತಿದ್ದರು, ಹಾಕಲೋ ಬೇಡವೋ ಎಂದು. ಅದನ್ನು ನೋಡಿ ನನಗೆ ಎಲ್ಲಿಂದಲೋ ಮಾತು ಬಂತು. "ಅತ್ತೆ, ದೃಷ್ಟಿ ಎಲ್ಲಿಂದ ಬರ್ತದೆ?"

"ಎಲ್ಲಿಂದ? ಹೊರ್ಗಿಂದ. ಕಂಡೋರ ಕಣ್ಣಿಂದ."

"ಹಂಗಾದ್ರೆ ನೀರು ಒಳಗ್ಯಾಕೆ? ಪಾತ್ರೆ ಹೊರಗೆ ಹಾಕಿ. ಬೆನ್ನಿಗೆ. ಕಣ್ಣು ಬೀಳೋದು ಅಲ್ಲಿ ತಾನೇ?"

ಅತ್ತೆ ನನ್ನನ್ನು ನೋಡಿದರು, ಪಾತ್ರೆಯನ್ನು ನೋಡಿದರು. ಆಮೇಲೆ ಅಂಗೈ ಒದ್ದೆ ಮಾಡಿಕೊಂಡು ಪಾತ್ರೆಯ ತಳಕ್ಕೂ ಬೆನ್ನಿಗೂ ಸವರಿದರು, ಎಣ್ಣೆ ಹಚ್ಚಿ ಕೂಸಿಗೆ ನೀರು ಹಾಕುವ ಹಾಗೆ. ಪಾತ್ರೆಯಿಂದ ತೊಟ್ಟಿಕ್ಕುವ ನೀರು ಹೊಸಿಲ ಮೇಲೆ ಬಿತ್ತು. "ತಗೊಂಡೋಗು" ಎಂದರು. ಅವತ್ತು ಕಡ್ಡಿ ಒಳ್ಳೆಯ ಹಾಲಿನ ಗುರುತಾದ ಇಪ್ಪತ್ತೆಂಟರ ಗೆರೆ ದಾಟಿ ಕತ್ತೆತ್ತಿ ನಿಂತಿತು. ದೊರೆಸಾನಿ ಮರುದಿನವೂ, ಅದರ ಮರುದಿನವೂ ಒದ್ದು, ಮೂಗು ಮುರಿದು, ಎಂದಿನಂತೆ ಬಕೆಟ್ಟು ತುಂಬಿಸಿತು. ಮೂರು ದಿನ ಅತ್ತೆ ಅದರ ಕೆಚ್ಚಲನ್ನು ಮುಟ್ಟಿ ಮುಟ್ಟಿ ನೋಡಿದರು.

ನಾಲ್ಕನೆಯ ದಿನ ಸಂಘದ ಸಾಲಿಗೆ ಬಂದು ನಿಂತು ಘೋಷಿಸಿದರು: "ಏ, ಕೇಳ್ರಮ್ಮಿ. ನಮ್ ತವರಲ್ಲಿ ದೃಷ್ಟಿನೀರು ಪಾತ್ರೆ ಬೆನ್ನಿಗೇ ಆಕದು. ನಮ್ಮಜ್ಜಿ ಕಾಲ್ದಿಂದ್ಲೂ ಇಂಗೇಯ. ಒಳಿಕ್ಕೆ ಆಕದು ದಡ್ಡರ ಪದ್ಧತಿ. ನಾನೇ ಮರ್ತಿದ್ದೆ." ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಪುಸ್ತಕದಲ್ಲಿ ಮುಖ ಹುದುಗಿಸಿ ನಕ್ಕೆ. ಅವರ ತವರಿನಲ್ಲಿ ಹಸುವೇ ಇರಲಿಲ್ಲ, ಕುರಿ ಇದ್ದವು. ಆದರೆ ಪಿಳ್ಳಮ್ಮನವರ ಅಜ್ಜಿಯ ಮಾತಿನ ಮುಂದೆ ಗಾಜಿನ ಕಡ್ಡಿಯ ಮಾತು ಯಾವ ಲೆಕ್ಕ? ಒಂದು ವಾರದೊಳಗೆ ಶಾಮಣ್ಣನ ಟೆಂಪೋ ಹತ್ತಿರ ಯಾರೂ ಇರಲಿಲ್ಲ. ಅತ್ತೆ ದಿನವೂ ತಮ್ಮ ಹಾಲು ಕೊಟ್ಟ ಮೇಲೂ ಮನೆಗೆ ಹೋಗದೆ ನನ್ನ ಪಕ್ಕದಲ್ಲೇ ನಿಂತರು. ಕಡ್ಡಿ ಮುಳುಗಿದರೆ ನಾನು ಅವರ ಕಡೆ ಒಮ್ಮೆ ನೋಡುತ್ತಿದ್ದೆ, ಅಷ್ಟೇ. "ಏ ಸಾಕಿ, ಬೆನ್ನಿಗೆ ಆಕು ಅಂದ್ರೆ ಒಟ್ಟೆಗ್ ಆಕಿದ್ದೀಯಾ? ಎತ್ಕಂಡೋಗು ವಾಪಸ್ಸು!" ಎಂದು ಅವರು ಕೂಗುತ್ತಿದ್ದರು. ಕಣ್ಣು ನನ್ನದು, ಗಂಟಲು ಅವರದು. ಹೀಗೆ ಇಬ್ಬರು ಸೇರಿ ಒಬ್ಬ ಸರಿಯಾದ ಪರೀಕ್ಷಕಿ ಆದೆವು. ಒಂದೇ ತೊಂದರೆ ಎಂದರೆ, ಮೂವತ್ತು ಒದ್ದೆ ಪಾತ್ರೆಗಳನ್ನು ಇಟ್ಟು ಇಟ್ಟು ನನ್ನ ಮೇಜು ಕೆರೆಯಾಗುತ್ತಿತ್ತು.

ಹದಿನೈದನೆಯ ದಿನ ಸೂಪರ್‌ವೈಸರ್ ತಮ್ಮದೇ ಕಡ್ಡಿ ತಂದರು. ಒಂದೊಂದು ಕ್ಯಾನಿಗೂ ಬಿಟ್ಟು ನೋಡಿದರು. ಹುಬ್ಬು ಮೇಲೆ ಹೋಯಿತು. ನನ್ನ ಕಡ್ಡಿಯನ್ನೂ ಇಸಿದುಕೊಂಡು ಹೋಲಿಸಿದರು. ಎರಡೂ ಒಂದೇ ಗೆರೆಯಲ್ಲಿ ನಿಂತವು. ಆಮೇಲೆ ಅವರ ಕಣ್ಣು ಪಾತ್ರೆಗಳ ಮೇಲೆ ಬಿತ್ತು. "ಇದೇನಮ್ಮಾ, ಎಲ್ಲಾ ಪಾತ್ರೆನೂ ಒದ್ದೆ?"

ನಾನು ಎಂದಿನಂತೆ ಅತ್ತೆಯ ಕಡೆ ನೋಡಿದೆ. ಅತ್ತೆ ಮುಂದೆ ಬಂದು, "ಈಗ್ತಾನೇ ತೊಳ್ಕಂಡ್ ಬಂದಿವ್ರಿ ಸ್ವಾಮೀ. ನಮ್ಮೂರಲ್ಲಿ ಆಲಿನ ಪಾತ್ರೆ ಒಣಗಾಕೆ ಬಿಡಾಕಿಲ್ಲ" ಎಂದರು. ಸೂಪರ್‌ವೈಸರ್ ಮೆಚ್ಚಿ ತಲೆಯಾಡಿಸಿದರು. ತಮ್ಮ ಪುಸ್ತಕದಲ್ಲಿ "ಶುಚಿತ್ವ ಅತ್ಯುತ್ತಮ" ಎಂದು ಬರೆದರು. ಅಬ್ಬಯ್ಯಣ್ಣನವರು ಅದನ್ನು ನನ್ನಿಂದ ದೊಡ್ಡ ಅಕ್ಷರದಲ್ಲಿ ಬರೆಸಿ ಸಂಘದ ಗೋಡೆಗೆ ಅಂಟಿಸಿದರು. ಲಾರಿಯವನು ಅವತ್ತು ಹೋಗುವಾಗ ಬೇಡದಿದ್ದರೂ ಎರಡು ಸಲ ಹಾರನ್ ಹೊಡೆದ.

ಆ ಲಾರಿ ಆಮೇಲೆ ಎಷ್ಟೋ ವರ್ಷ ನಮ್ಮೂರಿಗೆ ಬಂತು ಮಕ್ಕಳೇ. ಹಸು ಮೇಯುತ್ತಿದ್ದ ಗೋಮಾಳದ ಮೇಲೆ ಶೆಡ್ಡುಗಳು ಎದ್ದವು. ಇನ್ನು ಹಾಲಿನ ಕಥೆ ಮುಗಿಯಿತು ಎಂದು ಗಂಡಸರು ಅಂದರು. ಅತ್ತೆ ಕಾರ್ಖಾನೆಯ ಗೇಟಿಗೆ ಹೋಗಿ ಕಾವಲುಗಾರರೊಡನೆ ಮಾತನಾಡಿದರು. ಮಾತೋ ಜಗಳವೋ ದೂರದಿಂದ ಗೊತ್ತಾಗುತ್ತಿರಲಿಲ್ಲ. ಅಂತೂ ಕಾಂಪೌಂಡಿನ ಒಳಗೆ ಬೆಳೆದ ಹುಲ್ಲನ್ನು ವಾರಕ್ಕೆರಡು ದಿನ ನಮ್ಮ ಹೆಂಗಸರು ಕೊಯ್ದುಕೊಳ್ಳಬಹುದು ಎಂದು ಒಪ್ಪಿಸಿದರು. ಕಾರ್ಖಾನೆಯವರಿಗೆ ಹುಲ್ಲು ಕೊಯ್ಯುವ ಕೂಲಿ ಉಳಿಯಿತು, ನಮಗೆ ಮೇವು ಸಿಕ್ಕಿತು. ಸಗಣಿ ತೋಟಕ್ಕೆ ಹೋಯಿತು, ತೋಟದ ಸೊಪ್ಪು ಹಸುವಿಗೆ ಬಂತು. ಊರಿನ ಒಂದು ಹಿಡಿ ನೆಲದಲ್ಲಿ ಅಷ್ಟು ಹಸುಗಳು ಬದುಕಿದ್ದು ಹಾಗೆ. ನಮ್ಮದು ಸುತ್ತಿನಲ್ಲೇ ಒಳ್ಳೆಯ ಹಾಲು ಎಂದು ಹೆಸರಾಯಿತು. ಬೇರೆ ಸಂಘದವರು ನೋಡಲು ಬಂದರು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಟೀ ಕುಡಿಯುವಾಗಲೆಲ್ಲ ನಿಮ್ಮ ತಾತ ಲೋಟ ಎತ್ತಿ, "ಇದು ನಮ್ಮೂರ ಹಾಲು ಗುರು, ರುಚೀಲೇ ಗೊತ್ತಾಗ್ತದೆ" ಎಂದು ಜೊತೆಯವರಿಗೆ ಹೇಳುತ್ತಿದ್ದರಂತೆ. ದೊಡ್ಡ ಡೈರಿಯಲ್ಲಿ ನೂರು ಊರಿನ ಹಾಲು ಕಲೆತ ಮೇಲೆ ಅದರಲ್ಲಿ ದೊರೆಸಾನಿಯನ್ನು ಅವರು ಹೇಗೆ ಗುರುತಿಸುತ್ತಿದ್ದರೋ ನನಗೆ ತಿಳಿಯದು. ಆದರೆ ನಾನು ಅವರನ್ನು ಯಾವತ್ತೂ ತಿದ್ದಲಿಲ್ಲ. ಅವರು ಹೋದ ಮೇಲೆ ನನ್ನ ಹಾಲಿಗೆ ಅಷ್ಟು ಧೈರ್ಯವಾಗಿ ಸಾಕ್ಷಿ ಹೇಳುವವರು ಯಾರೂ ಸಿಕ್ಕಿಲ್ಲ.

ನಿಮ್ಮ ಮನೆಯ ಲಿಫ್ಟು ಇರುವ ಜಾಗವೇ ದೊರೆಸಾನಿಯ ಕೊಟ್ಟಿಗೆ. ಲಿಫ್ಟು ಆಗಾಗ ನಡುವೆ ಮೊಂಡು ಹಿಡಿದು ನಿಲ್ಲುತ್ತದಲ್ಲ, ಆಗೆಲ್ಲ ನೀವು ಬೈಯುತ್ತೀರಿ, ನಾನು ಒಳಗೊಳಗೇ ಖುಷಿಪಡುತ್ತೇನೆ. ಹಿಂಡಿ ಸರಿಯಾಗಿ ನೆನೆದಿಲ್ಲವೇನೋ ಎಂದುಕೊಳ್ಳುತ್ತೇನೆ. ಈಗ ಪ್ಯಾಕೆಟ್ಟಿನ ವಿಷಯ ನಿಮಗೇ ತಿಳಿದಿರಬೇಕು. ಬೆಳಿಗ್ಗೆ ಬಾಗಿಲಿಗೆ ಬರುವ ಪ್ಯಾಕೆಟ್ಟು ಯಾವಾಗಲೂ ಬೆನ್ನು ಒದ್ದೆ ಮಾಡಿಕೊಂಡೇ ಬರುತ್ತದೆ. ಅದು ತಂಪಿಗೆ ಕಟ್ಟಿದ ನೀರು ಎಂದು ಸಿಂಚನಾ ವಿಜ್ಞಾನ ಹೇಳುತ್ತಾಳೆ. ಇರಬಹುದು. ನಮ್ಮ ಅತ್ತೆಯ ತವರಿನ ಪದ್ಧತಿ ಎಲ್ಲಿಯವರೆಗೆ ಹಬ್ಬಿದೆ ನೋಡಿ ಎಂದು ನನಗೆ ಮಾತ್ರ ಅನ್ನಿಸುತ್ತದೆ. ಅದಕ್ಕೇ ಒರೆಸಬೇಡ ಎಂದದ್ದು.

ಇಷ್ಟೆಲ್ಲ ಬರೆದ ಮೇಲೆ ಒಂದನ್ನು ಮುಚ್ಚಿಡುವುದು ಸರಿಯಲ್ಲ. ದೃಷ್ಟಿ ಗಿಷ್ಟಿ ಎಲ್ಲ ಅತ್ತೆಯ ಮೂಢನಂಬಿಕೆ, ಅಜ್ಜಿ ಓದಿದವಳು, ಜಾಣತನದಿಂದ ದಾರಿ ಹುಡುಕಿದಳು ಎಂದು ನೀವು ತಿಳಿಯುತ್ತೀರಿ. ಆ ಹದಿನೈದನೆಯ ದಿನ ಸೂಪರ್‌ವೈಸರ್ ನನ್ನ ಕಡ್ಡಿಯನ್ನು ಕೈಗೆ ತೆಗೆದುಕೊಂಡರಲ್ಲ, ಆಗ ಅದನ್ನು ತಿರುಗಿಸಿ ನೋಡಿ, "ಇದೇನಮ್ಮಾ ಕಪ್ಪಗೆ, ಏನಾದ್ರೂ ಗುರುತಾ?" ಎಂದು ಕೇಳಿದ್ದರು. ನಾನು ಹೌದೆಂದು ತಲೆಯಾಡಿಸಿದೆ. ಅದು ಕಾಡಿಗೆ. ಊರಿನ ಕಣ್ಣೆಲ್ಲ ಅವತ್ತು ಆ ಕಡ್ಡಿಯ ಮೇಲೆಯೇ ಬೀಳುತ್ತದೆ ಎಂದು ಬೆಳಿಗ್ಗೆ ಎದ್ದು, ಯಾರೂ ಕಾಣದ ಹಾಗೆ, ಅದರ ಕತ್ತಿನ ಹಿಂದೆ ನಾನೇ ಇಟ್ಟ ದೃಷ್ಟಿಬೊಟ್ಟು. ಅತ್ತೆಗೂ ಹೇಳಿರಲಿಲ್ಲ.

ಆ ಕಡ್ಡಿ ನನ್ನ ಟ್ರಂಕಿನಲ್ಲಿ, ಹಳೆಯ ರೇಷ್ಮೆ ಸೀರೆಯ ಮಡಿಕೆಯೊಳಗೆ ಇದೆ. ಈ ಹಾಳೆಗಳನ್ನು ಅದಕ್ಕೆ ಸುತ್ತಿ ಅಲ್ಲಿಯೇ ಇಡಿ. ಫ್ರಿಜ್ಜಿನ ಹತ್ತಿರ ಬೇಡ, ಒದ್ದೆ ಕೈಯಲ್ಲೂ ಮುಟ್ಟಬೇಡಿ, ಈ ನೀಲಿ ಶಾಯಿ ನೀರು ಕಂಡರೆ ಓಡಿಹೋಗುತ್ತದೆ. ಜೋಪಾನ. ಈ ಕೊನೆಯ ಹಾಳೆಯ ಮೂಲೆಯಲ್ಲಿ ಒಂದು ಕಪ್ಪು ಚುಕ್ಕೆ ಇದೆ. ಪೆನ್ನು ಸೋರಿದ್ದು ಎಂದು ಅಳಿಸಲು ಹೋಗಬೇಡಿ.